ಮೆಟ್ಸ್ ಅಂದ್ರೆ ನಮ್ಮ ಆರ್‌ಸಿಬಿನೇ ಕಣೋ

ಕ್ವೀನ್ಸ್, ನ್ಯೂಯಾರ್ಕ್
ಜೂನ್ 10, 2024

ಪ್ರೀತಿಯ ಗೆಳೆಯಾ,

ನಿನ್ನೆ ಬೆಳಿಗ್ಗೆ ನಮ್ಮನೆಯಲ್ಲಿ ಎರಡು ಆಟ ಒಟ್ಟಿಗೆ ನಡೆಯುತ್ತಿದ್ದವು. ಟಿವಿಯಲ್ಲಿ ಭಾರತ-ಪಾಕಿಸ್ತಾನ, ಲ್ಯಾಪ್‌ಟಾಪಿನಲ್ಲಿ ಮೆಟ್ಸ್. ತಮಾಷೆ ನೋಡು, ಕ್ರಿಕೆಟ್ ನಡೆದದ್ದು ಇಲ್ಲೇ ಪಕ್ಕದ ನಾಸೌ ಕೌಂಟಿಯಲ್ಲಿ. ನಮ್ಮೂರಿನ ಬೇಸ್‌ಬಾಲ್ ಟೀಮು ಮೆಟ್ಸ್ ಆಡಲು ಹೋದದ್ದು ಲಂಡನ್ನಿಗೆ! ನಮ್ಮವರು 119ಕ್ಕೆ ಆಲೌಟ್ ಆದಾಗ ನೀನು ಸಾಲುಸಾಲು ಮೆಸೇಜ್ ಹಾಕಿ ಬೈದೆಯಲ್ಲ, ಉತ್ತರ ಕೊಡಲು ನನಗೆ ಪುರುಸೊತ್ತೇ ಇರಲಿಲ್ಲ.

ಲಂಡನ್ನಿನಲ್ಲಿ ಆಟ ಮುಗಿದ ರೀತಿ ಹೇಳುತ್ತೇನೆ ಕೇಳು. ಒಂಬತ್ತನೇ ಇನಿಂಗ್ಸ್. ನಾವು 6-5 ಮುಂದಿದ್ದೇವೆ. ಫಿಲಡೆಲ್ಫಿಯಾದವರು ಮೂರೂ ಬೇಸಿನಲ್ಲಿ, ಅಂದರೆ ರನ್ ಓಡುವವರು ನಿಲ್ಲುವ ಜಾಗಗಳಲ್ಲಿ, ನಿಂತಿದ್ದಾರೆ, ಔಟಾಗಿರುವುದು ಒಬ್ಬನೇ. ಕ್ಯಾಸ್ಟೆಲಾನೋಸ್ ಹೊಡೆದ ಚೆಂಡು ನಾಲ್ಕು ಹೆಜ್ಜೆ ಉರುಳಿತು ಅಷ್ಟೇ. ನಮ್ಮ ಕ್ಯಾಚರ್ (ವಿಕೆಟ್ ಕೀಪರ್ ಇದ್ದ ಹಾಗೆ) ಟೊರೆನ್ಸ್ ಅದನ್ನು ಎತ್ತಿಕೊಂಡು, ಬ್ಯಾಟಿಂಗ್ ಜಾಗದಲ್ಲಿರುವ ಹೋಮ್ ಪ್ಲೇಟ್ ತುಳಿದ, ಕೂಡಲೇ ಫಸ್ಟ್ ಬೇಸಿಗೆ ಎಸೆದ. ಒಂದೇ ಏಟಿಗೆ ಇಬ್ಬರು ಔಟ್, ಆಟ ಮುಗಿಯಿತು! ನಾನು ಕಿರುಚಿದ್ದಕ್ಕೆ ಹೆಂಡತಿ, ಬುಮ್ರಾ ಇನ್ನೊಂದು ವಿಕೆಟ್ ತೆಗೆದ ಅಂದುಕೊಂಡು ಅಡುಗೆಮನೆಯಿಂದ ಓಡಿ ಬಂದಳು.

ಇಷ್ಟೆಲ್ಲ ಕುಣಿದರೂ ಲೆಕ್ಕ ಮಾತ್ರ ಚೆನ್ನಾಗಿಲ್ಲ. 64 ಆಟದಲ್ಲಿ 28 ಗೆಲುವು, 36 ಸೋಲು. ಸೀಸನ್ ಶುರುವಾದದ್ದೇ ಸತತ ಐದು ಸೋಲಿನಿಂದ. ಮೇ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ನಮ್ಮ ಮನೆಗೇ ಬಂದು ಮೂರಕ್ಕೆ ಮೂರೂ ಗೆದ್ದು ಹೋದರು. ಕೊನೆಯ ಆಟದ ದಿನ ನಮ್ಮ ಪಿಚರ್ (ಚೆಂಡು ಎಸೆಯುವವನು) ಒಬ್ಬ ಸಿಟ್ಟಿಗೆ ಗ್ಲೌಸನ್ನು ಪ್ರೇಕ್ಷಕರತ್ತ ಎಸೆದು ನಡೆದುಬಿಟ್ಟ. ಅವನನ್ನು ಟೀಮಿನಿಂದಲೇ ಕಳಿಸಿದರು. ಆಟಗಾರರು ಬಾಗಿಲು ಹಾಕಿಕೊಂಡು ಮೀಟಿಂಗ್ ಮಾಡಿದರು. ಇದೆಲ್ಲ ನಿನಗೆ ಎಲ್ಲೋ ನೋಡಿದ ಹಾಗಿದೆ, ಅಲ್ವಾ?

ಮೇ 18 ನೆನಪಿದೆಯಾ? ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು ಸೋಲಿಸಿ ಆರ್‌ಸಿಬಿ ಪ್ಲೇಆಫ್‌ಗೆ ಹೋದ ರಾತ್ರಿ ನೀನು ಫೋನ್ ಮಾಡಿ ಬರೀ ಕೂಗಿದೆ, ಒಂದು ಪದವೂ ಅರ್ಥವಾಗಲಿಲ್ಲ. ಇಲ್ಲಿ ಇನ್ನೂ ಮಧ್ಯಾಹ್ನ. ಅದೇ ಖುಷಿಯಲ್ಲಿ ಸಂಜೆ ಮೆಟ್ಸ್ ನೋಡಲು ಕೂತೆ. ಎದುರಾಳಿ ಮಯಾಮಿ. ಒಂಬತ್ತನೇ ಇನಿಂಗ್ಸಿಗೆ ನಾಲ್ಕು ರನ್ ಮುಂದಿದ್ದೆವು. ಚೆಂಡು ಎಡ್ವಿನ್ ಡಿಯಾಸ್ ಕೈಯಲ್ಲಿ. ಇವನು ತುತ್ತೂರಿ ಊದಿಸಿಕೊಂಡು ಮೈದಾನಕ್ಕಿಳಿಯುವ ಕ್ಲೋಸರ್, ಅಂದರೆ ಕೊನೆಯಲ್ಲಿ ಬಂದು ಗೆಲುವು ಉಳಿಸಬೇಕಾದ ಪಿಚರ್. ಹೋದ ವರ್ಷ ಗೆಲುವಿನ ಕುಣಿತದಲ್ಲಿ ಮಂಡಿ ಮುರಿದುಕೊಂಡು ಇಡೀ ಸೀಸನ್ ಮನೆಯಲ್ಲಿದ್ದ. ಅಂದು ನಾಲ್ಕೂ ರನ್ ಕೊಟ್ಟ. ಕೊನೆಗೆ 10-9ಕ್ಕೆ ಸೋತೆವು.

ಆದರೆ ಅದೇ ದಿನ ಇನ್ನೊಂದು ಬದಲಾವಣೆ ಆಯಿತು. ಮ್ಯಾನೇಜರ್ ಮೆಂಡೋಜಾ ಫ್ರಾನ್ಸಿಸ್ಕೋ ಲಿಂಡೋರ್‌ನನ್ನು ಬ್ಯಾಟಿಂಗ್ ಸಾಲಿನ ಮೊದಲ ಸ್ಥಾನಕ್ಕೆ ತಂದ. ಇದೇನು ಮಹಾ ಅನ್ನಬೇಡ. ಇಲ್ಲಿ ಔಟಾದವನು ಪೆವಿಲಿಯನ್‌ನಲ್ಲಿ ಕೂತು ಕಾಫಿ ಕುಡಿಯುವ ಹಾಗಿಲ್ಲ. ಒಂಬತ್ತು ಜನರ ಸರದಿ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಮೊದಲು ನಿಂತವನಿಗೆ ಜಾಸ್ತಿ ಸಲ ಬ್ಯಾಟ್ ಸಿಗುತ್ತದೆ. 34.1 ಕೋಟಿ ಡಾಲರಿನ ಒಪ್ಪಂದದವನು ಏಪ್ರಿಲ್‌ನಲ್ಲಿ ಚೆಂಡೇ ಕಾಣದವನ ಹಾಗೆ ಬೀಸುತ್ತಿದ್ದ. ಬೈಯುವುದರಲ್ಲಿ ಹೆಸರು ಮಾಡಿದ ನಮ್ಮ ಜನ ಆಗ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪಾಪ ಹುಷಾರಾಗಲಿ ಅಂತ. ಆಗ ಆಗಲಿಲ್ಲ. ಈಗ ಆಗುತ್ತಿದ್ದಾನೆ. ಮೊದಲ ಚೆಂಡಿಗೇ ಕಣ್ಣು ಬಿಟ್ಟು ನಿಲ್ಲುವ ರೀತಿಯಲ್ಲೇ ಅದು ಕಾಣುತ್ತದೆ.

ನನ್ನ ಜಗಳ ಇರುವುದು ಮಾರ್ಕ್ ವಿಯೆಂಟೋಸ್ ವಿಷಯಕ್ಕೆ. ಏಪ್ರಿಲ್ 28ರಂದು ಈ ಹುಡುಗ 11ನೇ ಇನಿಂಗ್ಸಿನಲ್ಲಿ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು ಆಟ ಗೆಲ್ಲಿಸಿದ. ಬಹುಮಾನ ಏನು ಗೊತ್ತಾ? ಕೆಲವೇ ದಿನದಲ್ಲಿ ಸಿರಾಕ್ಯೂಸ್‌ಗೆ, ಕೆಳಗಿನ ಟೀಮಿಗೆ ವಾಪಸ್! ಥರ್ಡ್ ಬೇಸಿನಲ್ಲಿ ಬ್ರೆಟ್ ಬೇಟಿ ಅನ್ನುವ ಇನ್ನೊಬ್ಬ ಆಟಗಾರನಿಗೆ ಅವಕಾಶದ ಮೇಲೆ ಅವಕಾಶ ಕೊಟ್ಟರು. ಮೇ ಮಧ್ಯದಲ್ಲಿ ವಿಯೆಂಟೋಸ್‌ನನ್ನು ಮತ್ತೆ ಕರೆಸಿ, ತಿಂಗಳ ಕೊನೆಗೆ ಬೇಟಿಯನ್ನು ಕೆಳಕ್ಕೆ ಕಳಿಸಿದ ಮೇಲೇ ಜಾಗ ಇವನದಾಯಿತು. ಇನ್ನು ಇವನನ್ನು ಅಲ್ಲಾಡಿಸಬಾರದು. ನಾಲ್ಕು ಆಟ ಸೊನ್ನೆ ಸುತ್ತಿದರೂ ಸರಿ, ಅಲ್ಲೇ ಬಿಡಬೇಕು. ಫೀಲ್ಡಿಂಗ್ ಸ್ವಲ್ಪ ಕಚ್ಚಾ, ಒಪ್ಪುತ್ತೇನೆ.

ಜೆಫ್ ಮೆಕ್‌ನೀಲ್ ವಿಷಯದಲ್ಲಿ ಮಾತ್ರ ಮನಸ್ಸು ಎರಡಾಗಿದೆ. 2022ರಲ್ಲಿ ಇಡೀ ಮೇಜರ್ ಲೀಗಿನಲ್ಲೇ ಅವನ ಬ್ಯಾಟಿಂಗ್ ಸರಾಸರಿ ಎಲ್ಲರಿಗಿಂತ ಮೇಲಿತ್ತು. ಈಗ ಕೆಲವು ದಿನ ಬೆಂಚಿನಲ್ಲಿ ಕೂರುತ್ತಾನೆ, ಅವನ ಜಾಗಕ್ಕೆ 34 ವರ್ಷದ ಇಗ್ಲೇಸಿಯಸ್ ಬರುತ್ತಾನೆ. ಸರಿ ಅನ್ನಿಸುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ಆಟಗಾರರನ್ನು ಬೇರೆ ಟೀಮಿಗೆ ಕೊಡಲು ಕೊನೆಯ ದಿನವಾದ ಜುಲೈ 30ರೊಳಗೆ ನಮ್ಮ ಸ್ಟಾರ್ ಬ್ಯಾಟರ್ ಪೀಟ್ ಅಲಾನ್ಸೋನನ್ನು ಮಾರಿಬಿಡಿ, ಹೇಗೂ ಈ ವರ್ಷ ಅವನ ಒಪ್ಪಂದ ಮುಗಿಯುತ್ತದೆ ಅಂತ. ಹೋದ ವರ್ಷವೂ ಹೀಗೇ ಶರ್ಜರ್, ವರ್ಲ್ಯಾಂಡರ್ ಅನ್ನುವ ಇಬ್ಬರು ದೊಡ್ಡ ಪಿಚರ್‌ಗಳನ್ನೂ ಕಳಿಸಿದ್ದರು. ಆಗಿನದು ಅಲ್ಲಿಯವರೆಗಿನ ಅತಿ ದುಬಾರಿ ಟೀಮು, ಗೆದ್ದದ್ದು 75, ಸೋತದ್ದು 87. ನಾನು ಮಾತ್ರ ಕಾಯಿರಿ ಅನ್ನುವವನು. ಎಂಟರಲ್ಲಿ ಏಳು ಸೋತ ಆರ್‌ಸಿಬಿ ಆಮೇಲೆ ಸತತ ಆರು ಗೆದ್ದದ್ದನ್ನು ನೋಡಿದವನಿಗೆ ಮಾರು ಅಂತ ಹೇಳಲು ಬಾಯಿ ಬರುವುದಿಲ್ಲ. ಅಹಮದಾಬಾದಿನ ಎಲಿಮಿನೇಟರ್ ಬಗ್ಗೆ ನೀನು ಈಗ ಮಾತೆತ್ತಬೇಡ, ದಮ್ಮಯ್ಯ. ನಮ್ಮದು 162 ಆಟ. ಇನ್ನೂ 98 ಉಳಿದಿವೆ.

ನ್ಯೂಯಾರ್ಕಿನ ಇನ್ನೊಂದು ಟೀಮು ಯಾಂಕೀಸನ್ನು ಯಾಕೆ ಹಿಡಿಯಲಿಲ್ಲ ಅಂತ ನೀನು ಪ್ರತಿ ಸಲ ಕೇಳುತ್ತೀಯ. ಅವರ ಹತ್ತಿರ 27 ಕಪ್ ಇದೆ, ನಾನೊಬ್ಬ ಯಾಕೆ? ಮೆಟ್ಸ್ ಗೆದ್ದದ್ದು ಎರಡೇ ಸಲ, ಕೊನೆಯದು 1986ರಲ್ಲಿ. ಮೇಲಾಗಿ ಫ್ಲಶಿಂಗ್‌ನ ಗಣಪತಿ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿಂದು, ಮೇನ್ ಸ್ಟ್ರೀಟಿನಲ್ಲಿ 7 ನಂಬರಿನ ರೈಲು ಹತ್ತಿದರೆ ಒಂದೇ ಸ್ಟಾಪಿಗೆ ಮೆಟ್ಸ್ ಮೈದಾನ ಸಿಟಿ ಫೀಲ್ಡ್. ಇಂಥ ಅನುಕೂಲ ಯಾಂಕೀಸ್ ಕೊಡುತ್ತಾರಾ?

ನಾಡಿದ್ದು ಬುಧವಾರ ಮಯಾಮಿ ಜೊತೆ ಆಟ ಇದೆ, ಟಿಕೆಟ್ ತಗೊಂಡಿದ್ದೇನೆ. ಡಿಯಾಸ್ ಇನ್ನೂ ಗಾಯದ ಪಟ್ಟಿಯಲ್ಲಿದ್ದಾನೆ. ಆವತ್ತು ಆಟಕ್ಕೆ ಮುಂಚೆ ಮೊದಲ ಚೆಂಡು ಎಸೆಯಲು ಗ್ರಿಮೇಸ್ ಅಂತ ಮೆಕ್‌ಡೊನಾಲ್ಡ್ಸ್‌ನ ನೇರಳೆ ಬಣ್ಣದ ದಪ್ಪ ಬೊಂಬೆ ಬರುತ್ತದಂತೆ. ನಮ್ಮ ಪಿಚರ್‌ಗಳ ಗತಿ ನೋಡಿದರೆ ಅದನ್ನೇ ಒಂಬತ್ತನೇ ಇನಿಂಗ್ಸಿಗೂ ಇಟ್ಟುಕೊಳ್ಳಬಹುದು.

ಫೋಟೋ ಕಳಿಸುತ್ತೇನೆ. ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅನ್ನು.

ನಿನ್ನ,
ಕ್ವೀನ್ಸಿನ ಗೆಳೆಯ