ಇರುಂಗಾಟ್ಟುಕೋಟ್ಟೈಗೆ ಹೊರಡುವ ಮುನ್ನ: ಗೆಳೆಯನಿಗೊಂದು ಪತ್ರ

ಬೆಂಗಳೂರು,
ನವೆಂಬರ್ ಮೊದಲ ವಾರ

ಪ್ರಿಯ ಗೆಳೆಯಾ,

ಮೈಸೂರಿನಿಂದ ನೀನು ಬರೆದ ಪತ್ರ ತಲುಪಿತು. ನಮ್ಮ ಕಾರುಮರುಳರ ತಂಡವನ್ನು ಒಟ್ಟುಗೂಡಿಸಿಕೊಂಡು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಹೋಗಿಬರಬೇಕೆಂಬ ನಿನ್ನ ಆಸೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ರಾತ್ರಿ ಎರಡು ಗಂಟೆಗೆ ಸಿಲ್ಕ್ ಬೋರ್ಡಿನಲ್ಲಿ ಸೇರಿ, ಹತ್ತು ಕಾರುಗಳು ಒಂದರ ಹಿಂದೊಂದು ಹೊರಟು, ಬೆಳಗಿನ ಆರಕ್ಕೆ ಟ್ರ್ಯಾಕಿನ ಗೇಟಿನೆದುರು ನಿಲ್ಲಬೇಕೆಂಬ ಯೋಜನೆಗೆ ಮಾತ್ರ ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ನಗುತ್ತೀಯೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಜಾಗದ ವಿಷಯ. ನಮ್ಮ ಪೋಲೋ ಕಾರಿನ ಗೆಳೆಯ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಆಗಬಹುದಲ್ಲ ಎಂದಿದ್ದಾನೆ. ಅದು 2.1 ಕಿಲೋಮೀಟರಿನ ಚೊಕ್ಕ ಟ್ರ್ಯಾಕ್, ಸೇಲಂ ದಾರಿಯ ಪ್ರಯಾಣವೂ ಸೊಗಸು. ಎರಡನೆಯ ಪ್ರವಾಸಕ್ಕೆ ಇರಲಿ. ಫಾರ್ಮುಲಾ ಒನ್ ನಡೆದ ಬುದ್ಧ ಸರ್ಕ್ಯೂಟ್ ದೆಹಲಿಯ ಆಚೆ ಇರುವುದರಿಂದ ಅಲ್ಲಿಗೆ ಹೋಗಿಬರುವಷ್ಟರಲ್ಲಿ ನಮ್ಮೆಲ್ಲರ ರಜೆಯೂ ಟೈರೂ ಸವೆದುಹೋಗುತ್ತವೆ. ಇರುಂಗಾಟ್ಟುಕೋಟ್ಟೈ ನಮ್ಮಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರ, ಸುತ್ತಳತೆ 3.7 ಕಿಲೋಮೀಟರಿಗೆ ತುಸು ಹೆಚ್ಚು, ತಿರುವುಗಳು ಹನ್ನೆರಡು. ಅಲ್ಲಿ ಓಡಿಸುವವರು ಅವುಗಳನ್ನು ಸಿ-1, ಸಿ-2 ಎಂದು ನಂಬರಿನಿಂದಲೇ ಕರೆಯುತ್ತಾರೆ.

ಇದಕ್ಕಿಂತ ದೊಡ್ಡ ಕಾರಣವೊಂದಿದೆ. ನನ್ನ ಸೋದರಮಾವ ಎಂಬತ್ತರ ದಶಕದಲ್ಲಿ ಶೋಲಾವರಂ ರೇಸು ನೋಡಲೆಂದೇ ರಾತ್ರಿ ಬಸ್ಸು ಹಿಡಿದು ಮದ್ರಾಸಿಗೆ ಹೋಗುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯಲ್ಲಿ ನಡೆಯುತ್ತಿದ್ದ ಆ ರೇಸಿನ ಸದ್ದು ಮರಳಿ ಬಂದ ಎರಡು ದಿನದವರೆಗೂ ಅವರ ಕಿವಿಯಲ್ಲಿ ಇರುತ್ತಿತ್ತಂತೆ. ಆ ಓಡುದಾರಿಗೆ ಬದಲಾಗಿ, ಓಡಿಸುವವರಿಗೆಂದೇ 1990ರಲ್ಲಿ ಸಿದ್ಧವಾದ ಜಾಗ ಇರುಂಗಾಟ್ಟುಕೋಟ್ಟೈ. ರೇಸ್ ಕಾರುಗಳ ವಿನ್ಯಾಸಕ ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ ಕೂಡಿಸಿ ರೂಪಿಸಿದ ಒಂಟಿ ಸೀಟಿನ ಫಾರ್ಮುಲಾ ಮಾರುತಿ ಕಾರುಗಳು ಓಡಿದ್ದು ಇಲ್ಲಿಯೇ; ಅಂಥದೇ ಕಾರಿನಲ್ಲಿ ಇಲ್ಲಿಂದಲೇ ಹೊರಟ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು. ಹಾಲು, ತರಕಾರಿ ತರಲು ಹೋಗುತ್ತಿದ್ದ ಕಾರಿನ ಎಂಜಿನ್ನಿನಿಂದ ಅಲ್ಲಿಯವರೆಗೆ! ಇನ್ನು ನಮ್ಮ ತಂಡದ ಸ್ಯಾಂಟ್ರೋ ಹುಟ್ಟಿದ್ದು ಅದೇ ಊರಿನ ಕಾರ್ಖಾನೆಯಲ್ಲಿ ತಾನೆ. ಉಳಿದ ಕಾರುಗಳು ಪ್ರವಾಸಕ್ಕೆ ಹೋದರೆ ಅದೊಂದು ತವರಿಗೆ ಹೋಗುತ್ತದೆ.

ದಿನದ ಬಗ್ಗೆ ಬಹಳ ಚರ್ಚೆ ಬೇಡ. ಡಿಸೆಂಬರಿನವರೆಗೆ ಆ ಕಡೆ ಹಿಂಗಾರಿನ ಮಳೆ, ಏಪ್ರಿಲ್ ಬಂತೆಂದರೆ ಎಂಜಿನ್ನಿಗೂ ನಮಗೂ ಸಮಾನವಾದ ಹಿಂಸೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಅರ್ಧ ಬೆಂಗಳೂರು ಪೊಂಗಲ್‌ಗೆಂದು ಹೊಸೂರು ರಸ್ತೆಯಲ್ಲಿರುತ್ತದೆ, ಗಣರಾಜ್ಯೋತ್ಸವದ ರಜೆಯಲ್ಲಿ ಉಳಿದರ್ಧ. ಹಾಗಾಗಿ ಫೆಬ್ರವರಿಯ ಮೊದಲ ಅಥವಾ ಎರಡನೆಯ ಶನಿವಾರವೇ ಸರಿ. ಟ್ರ್ಯಾಕನ್ನು ಕಾರು ಕಂಪನಿಗಳೂ ತರಬೇತಿ ಕೊಡುವವರೂ ಬಾಡಿಗೆಗೆ ಪಡೆಯುವುದರಿಂದ, ಲಿಖಿತ ಒಪ್ಪಿಗೆ ಕೈಗೆ ಬರುವವರೆಗೆ ಯಾರೂ ಹೋಟೆಲಿಗೆ ಮುಂಗಡ ಕಟ್ಟಬಾರದು. ಆ ಒಪ್ಪಿಗೆಯಲ್ಲಿ ಆಂಬುಲೆನ್ಸ್, ಬಾವುಟ ಹಿಡಿಯುವ ಮಾರ್ಷಲ್‌ಗಳು, ಕೆಟ್ಟುನಿಂತ ಕಾರನ್ನು ಎಳೆದು ತರುವ ವಾಹನ, ಈ ಮೂರೂ ನಮೂದಾಗಿರಬೇಕು. ಆಂಬುಲೆನ್ಸ್ ಗೇಟಿನೊಳಗೆ ಬಂದು ನಿಲ್ಲದ ಹೊರತು ಒಂದು ಲ್ಯಾಪ್, ಅಂದರೆ ಟ್ರ್ಯಾಕಿನ ಒಂದು ಸುತ್ತು ಕೂಡ ಬೇಡವೆಂದು ಈಗಲೇ ಹೇಳಿರುತ್ತೇನೆ.

ಈಗ ನಿನ್ನ ರಾತ್ರಿ ಎರಡು ಗಂಟೆಯ ವಿಷಯಕ್ಕೆ ಬರುತ್ತೇನೆ. ಹಗಲೆಲ್ಲ ಆಫೀಸಿನಲ್ಲಿ ದುಡಿದು, ಸಂಜೆ ಕಾರು ತೊಳೆದು, ಉತ್ಸಾಹದಲ್ಲಿ ಕಣ್ಣು ಮುಚ್ಚದೆ ಹೊರಟವನು ವಾಣಿಯಂಬಾಡಿ ದಾಟುವ ಹೊತ್ತಿಗೆ ತೂಕಡಿಸತೊಡಗುತ್ತಾನೆ. ಅದೇ ಹೊತ್ತಿನಲ್ಲಿ ಅದೇ ರಸ್ತೆಯಲ್ಲಿ ಲಾರಿಯವರೂ ತೂಕಡಿಸುತ್ತಿರುತ್ತಾರೆ. ಹತ್ತು ಕಾರುಗಳು ಸಾಲಾಗಿ ಹೋಗುವುದು ಇನ್ನೂ ಕೆಟ್ಟದ್ದು. ಮುಂದಿನವನು ಲಾರಿಯೊಂದನ್ನು ಹಿಂದಿಕ್ಕಿದ ಎಂಬ ಒಂದೇ ಕಾರಣಕ್ಕೆ, ಎದುರು ಏನಿದೆಯೆಂದು ನೋಡದೆ ಹಿಂದಿನವನೂ ನುಗ್ಗುತ್ತಾನೆ, ಸಾಲಿನ ಕೊನೆಯವನಂತೂ ಎಲ್ಲರನ್ನೂ ಹಿಡಿಯುವ ಆತುರದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸುತ್ತಿರುತ್ತಾನೆ. ಚಿಕ್ಕಮಗಳೂರಿನ ಪ್ರವಾಸದಲ್ಲಿ ಆ ಕೊನೆಯ ಕಾರು ನಿನ್ನ ವಿಟೆಕ್ ಆಗಿತ್ತು ಎಂಬುದನ್ನು ಇಲ್ಲಿ ನೆನಪಿಸಿದರೆ ಬೇಸರಪಡಬೇಡ.

ನನ್ನ ಸಲಹೆ ಹೀಗಿದೆ: ಶುಕ್ರವಾರ ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನದ ಹೊತ್ತಿಗೆ ಎರಡೆರಡು ಕಾರುಗಳಾಗಿ, ಅರ್ಧ ಗಂಟೆಯ ಅಂತರದಲ್ಲಿ ಹೊರಡೋಣ. ನೀನು ಗುರುವಾರವೇ ಬಂದು ನಮ್ಮ ಮನೆಯಲ್ಲಿ ಉಳಿದುಕೊ. ಹೊಸೂರು, ಕೃಷ್ಣಗಿರಿ ದಾಟಿ ಆಂಬೂರಿನಲ್ಲಿ ಸೇರಬಹುದು. ಬಿರಿಯಾನಿ ತಿನ್ನುವವರು ತಿನ್ನಲಿ, ನನ್ನಂಥವರಿಗೆ ಕಾಫಿ ಸಾಕು. ಅಲ್ಲಿಂದ ವೆಲ್ಲೂರು, ವಾಲಾಜಾಪೇಟೆ, ಕಾಂಚೀಪುರದ ಹೊರದಾರಿ ಹಿಡಿದು ರಾತ್ರಿ ಊಟದ ವೇಳೆಗೆ ಶ್ರೀಪೆರಂಬುದೂರು ಸೇರಿ ನಿದ್ದೆ ಮಾಡೋಣ. ಹೊಸಕೋಟೆಯಿಂದ ಶ್ರೀಪೆರಂಬುದೂರಿಗೆ ಹಾಕಿರುವ 262 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಪೂರ್ತಿಯಾಗಿ ತೆರೆದ ಮೇಲೆ ಈ ಲೆಕ್ಕವೆಲ್ಲ ಬದಲಾಗಬಹುದು. ಈ ಸಲಕ್ಕೆ ಹಳೆಯ ದಾರಿಯನ್ನೇ ನಂಬೋಣ.

ಇನ್ನು ಕಾರುಗಳು. ತಂಡದಲ್ಲಿ ಈಗ ನಡೆಯುತ್ತಿರುವುದೆಲ್ಲ ಎಕ್ಸಾಸ್ಟ್, ಏರ್ ಫಿಲ್ಟರ್, ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿ ಬಲ ಹೆಚ್ಚಿಸುವ ರೀಮ್ಯಾಪ್‌ಗಳ ಮಾತು. ಬ್ರೇಕಿನ ಮಾತನ್ನು ಒಬ್ಬನೂ ಎತ್ತಿಲ್ಲ. ನಾನು ಮೊದಲ ಸಲ ಆ ಟ್ರ್ಯಾಕಿಗೆ ಹೋದಾಗಿನ ಸಂಗತಿಯನ್ನು ನಿನಗೂ ಪೂರ್ತಿ ಹೇಳಿರಲಿಲ್ಲ, ನಾಚಿಕೆಯಾಗಿತ್ತು. ಹೊಸ ಟೈರು ಹಾಕಿಸಿ, ಎಂಜಿನ್ ಆಯಿಲ್ ಬದಲಿಸಿ, ಸ್ಟಿಕ್ಕರ್ ಕೂಡ ಅಂಟಿಸಿಕೊಂಡು ಹೋಗಿದ್ದೆ. ಮೂರನೆಯ ಲ್ಯಾಪಿನಲ್ಲಿ ಉದ್ದನೆಯ ನೇರ ಹಾದಿ ಮುಗಿಯುವಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲ ಮುಟ್ಟಿತು. ಗೇರ್ ಇಳಿಸಿ, ಪೆಡಲನ್ನು ಮತ್ತೆ ಮತ್ತೆ ತುಳಿದು, ಟ್ರ್ಯಾಕಿನ ಹೊರಗಿನ ಮಣ್ಣಿಗೆ ಇಳಿದು ಹೇಗೋ ನಿಂತೆ. ಕಾರಿಗೆ ಏನೂ ಆಗಲಿಲ್ಲ. ನನ್ನ ಕೈ ನಡುಗುವುದು ನಿಲ್ಲಲು ಮಾತ್ರ ಬಹಳ ಹೊತ್ತು ಬೇಕಾಯಿತು.

ತಪ್ಪು ಯಾರದ್ದೂ ಅಲ್ಲ, ನನ್ನದೇ. ನಾಲ್ಕು ವರ್ಷದಿಂದ ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ಆ ದ್ರವ ಗಾಳಿಯಲ್ಲಿನ ತೇವವನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದಕ್ಕೆ ಹೊಸತರಲ್ಲಿ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂಬುದು ನಿಯಮ. ನೀರು ಸೇರಿದ ಮೇಲೆ ಅದೇ ನಿಯಮ 155 ಡಿಗ್ರಿಗೆ ತೃಪ್ತಿಪಡುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹೀರಬೇಕಾದ ಶಕ್ತಿ ನಾಲ್ಕರಷ್ಟಾಗುವುದರಿಂದ, ಊರೊಳಗೆ ವರ್ಷಗಟ್ಟಲೆ ಸುಮ್ಮನಿದ್ದ ದ್ರವ ಟ್ರ್ಯಾಕಿನಲ್ಲಿ ಹತ್ತೇ ನಿಮಿಷಕ್ಕೆ ಕುದಿಯುತ್ತದೆ, ಅದರೊಳಗೆ ಆವಿಯ ಗುಳ್ಳೆಗಳೇಳುತ್ತವೆ, ನಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆಗಳನ್ನು ಅಮುಕುವುದರಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ಜನವರಿ ಕೊನೆಯೊಳಗೆ ಪ್ರತಿಯೊಬ್ಬನೂ ಬ್ರೇಕ್ ಆಯಿಲ್ ಬದಲಿಸಿ, ಪ್ಯಾಡ್ ಎಷ್ಟು ಉಳಿದಿದೆಯೆಂದು ಗ್ಯಾರೇಜಿನವರಿಂದ ಬಿಚ್ಚಿಸಿ ನೋಡಿಸಿರಬೇಕು. ಎಕ್ಸಾಸ್ಟಿಗೆ ಸುರಿಯುವ ದುಡ್ಡಿನ ಹತ್ತರಲ್ಲೊಂದು ಪಾಲೂ ಇದಕ್ಕೆ ಬೇಕಾಗಿಲ್ಲ.

ಟ್ರ್ಯಾಕಿಗಿಳಿಯುವ ಮೊದಲು ಕಾರಿನೊಳಗೆ ಬಿಡಿಯಾಗಿರುವುದೆಲ್ಲ ಹೊರಗೆ ಬರಬೇಕು. ನೀರಿನ ಬಾಟಲಿ ಉರುಳಿ ಪೆಡಲಿನಡಿ ಸಿಕ್ಕಿಕೊಂಡರೆ ಡಾಟ್ 4 ಕೂಡ ಕಾಪಾಡಲಾರದು. ಡ್ಯಾಶ್‌ಬೋರ್ಡಿನ ಗಣಪನನ್ನೂ ಗೌರವದಿಂದ ಬ್ಯಾಗಿನೊಳಗೆ ಕೂರಿಸೋಣ. ಹೆಲ್ಮೆಟ್, ತುಂಬುತೋಳಿನ ಹತ್ತಿ ಅಂಗಿ, ಬೂಟು ಎಲ್ಲರಿಗೂ ಇರಲಿ. ಮುಂದಿನವನು ಕೈ ತೋರಿಸದೆ ಅವನನ್ನು ಹಿಂದಿಕ್ಕುವಂತಿಲ್ಲ, ಅದೂ ನೇರ ಹಾದಿಯಲ್ಲಿ ಮಾತ್ರ. ಹಳದಿ ಬಾವುಟ ಕಂಡರೆ ನಿಧಾನಿಸಬೇಕು, ನೀಲಿ ಕಂಡರೆ ಹಿಂದೆ ಬಂದ ವೇಗದ ಕಾರಿಗೆ ದಾರಿ ಬಿಡಬೇಕು, ಕೆಂಪು ಕಂಡರೆ ಓಟ ನಿಲ್ಲಿಸಿ ಮೆಲ್ಲಗೆ ಮರಳಬೇಕು. ಹದಿನೈದು ನಿಮಿಷಕ್ಕಿಂತ ಹೆಚ್ಚು ಯಾರೂ ಒಂದೇ ಸಮನೆ ಓಡಿಸುವುದು ಬೇಡ. ಕೊನೆಯ ಲ್ಯಾಪನ್ನು ಬ್ರೇಕ್ ಆರಲೆಂದು ಮೆಲ್ಲಗೆ ಓಡಿಸಿ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಬೇಕು. ಟೈರು ಕಾದಂತೆ ಒಳಗಿನ ಒತ್ತಡ ಏರುತ್ತದೆ; ಪ್ರತಿ ಸಲ ಹೊರಬಂದ ಕೂಡಲೇ ಅಳೆಯಲೆಂದು ಗೇಜನ್ನು ನಾನೇ ತರುತ್ತೇನೆ.

ಯಾರಿಗೂ ಕೇಳಲು ಇಷ್ಟವಾಗದ ಮಾತೊಂದಿದೆ, ಅದನ್ನು ನೀನೇ ಎಲ್ಲರಿಗೂ ತಿಳಿಸಬೇಕು. ನಮ್ಮ ಸಾಮಾನ್ಯ ವಾಹನ ವಿಮೆಯ ಷರತ್ತುಗಳಲ್ಲಿ ರೇಸ್ ಮತ್ತು ವೇಗ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನ ಗೋಡೆಗೆ ಬಂಪರ್ ತಾಗಿದರೆ ಅದರ ಖರ್ಚು ಅವರವರ ಜೇಬಿನಿಂದಲೇ. ಇದನ್ನು ಕೇಳಿ ಹಿಂದೆ ಸರಿಯುವವನು ಈಗಲೇ ಸರಿಯಲಿ, ಅವನನ್ನು ಯಾರೂ ಹಾಸ್ಯ ಮಾಡಬಾರದು. ಕಾರನ್ನು ಹೊರಗೆ ನಿಲ್ಲಿಸಿ ನಮ್ಮ ಸಮಯ ಬರೆದುಕೊಡಲು ಅವನು ಬೇಕು. ಬಾಡಿಗೆಯ ಮೊತ್ತ ಗೊತ್ತಾದ ಮೇಲೆ ಅದನ್ನು ಬರುತ್ತೇನೆಂದಿರುವ ಹದಿನಾಲ್ಕು ಮಂದಿಯ ಲೆಕ್ಕದಲ್ಲಿ ಭಾಗಿಸಬೇಡ, ಹತ್ತರಿಂದ ಭಾಗಿಸು. ಚಿಕ್ಕಮಗಳೂರಿಗೆ ಬರುತ್ತೇನೆಂದವರು ಹದಿನೆಂಟು ಮಂದಿ, ಬಂದವರು ಏಳು. ದುಡ್ಡು ಡಿಸೆಂಬರ್ ಹದಿನೈದರೊಳಗೆ ಕೈಸೇರಬೇಕು. ಕಟ್ಟಿದವನ ಹೆಸರು ಪಟ್ಟಿಯಲ್ಲಿರಲಿ, ಬಾಯಿಮಾತಿನವನದು ಬೇಡ.

ಕೊನೆಯದಾಗಿ ಒಂದು ಬಿನ್ನಹ. ಶ್ರೀಪೆರಂಬುದೂರು ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಅಮ್ಮ ತಾವೂ ಬರುವುದಾಗಿ ಹೊರಟು ನಿಂತಿದ್ದಾರೆ. ಮೇಲುಕೋಟೆಗೆ ವರ್ಷವೂ ತಪ್ಪದೆ ಹೋಗುವ ಅವರು ರಾಮಾನುಜಾಚಾರ್ಯರು ಹುಟ್ಟಿದ ಊರನ್ನು ಇಲ್ಲಿಯವರೆಗೆ ನೋಡಿಲ್ಲ. ಶನಿವಾರ ನಾವು ಟ್ರ್ಯಾಕಿನಲ್ಲಿರುವಾಗ ಅವರು ಅತ್ತೆಯ ಜೊತೆ ದೇವಸ್ಥಾನದಲ್ಲಿರುತ್ತಾರೆ, ಸಂಜೆಗೆ ಎಲ್ಲರಿಗೂ ಪುಳಿಯೋಗರೆ ಸಿಗುತ್ತದೆ. ಅವರು ಬರುವುದು ನಿನ್ನ ವಿಟೆಕ್‌ನಲ್ಲಿ, ಮುಂದಿನ ಸೀಟಿನಲ್ಲಿ. ನೀನು ದಾರಿಯುದ್ದಕ್ಕೂ ಎಂಬತ್ತು ದಾಟುವುದಿಲ್ಲವೆಂಬ ಭರವಸೆ ನನಗೆ ಬಂದಿರುವುದು ಅದರಿಂದಲೇ.

ಬ್ರೇಕ್ ಆಯಿಲ್ ಬದಲಿಸಿದ ದಿನ ಒಂದು ಸಾಲು ಬರೆ.

ನಿನ್ನ,
ಸ್ವಿಫ್ಟ್‌ನವನು