ಆ ಗ್ಲೋಬಿಗೆ ಇನ್ನು ಪಾಲಿಶ್ ಹೊಡೆಸಬೇಡಿ, ಸಚಿವರೇ

ಮಹಾರಾಷ್ಟ್ರದ ಮಾನ್ಯ ಸಾಂಸ್ಕೃತಿಕ ವ್ಯವಹಾರಗಳ ಸಚಿವರಿಗೆ,

ನಮಸ್ಕಾರ. ನಾನು ಡೊಂಬಿವಲಿಯಲ್ಲಿರುವ ಭೂಗೋಳದ ಮೇಷ್ಟ್ರು, ಈಗ ನಿವೃತ್ತ. ಇಷ್ಟು ದಿನ ನಿಮಗೆ ಮರಾಠಿಯಲ್ಲೇ ಅರ್ಜಿ ಬರೆದೆ, ಯಾರೂ ಓದಲಿಲ್ಲ. ಕನ್ನಡದಲ್ಲಿ ಬರೆದರೆ ಕಳಕೊಳ್ಳುವುದೇನು?

ಮುಂಬಯಿಯ ಒಂದು ಸರ್ಕಾರಿ ಸಂಗ್ರಹಾಲಯದಲ್ಲಿ ಬ್ರಿಟಿಷರ ಕಾಲದ ಗ್ಲೋಬ್ ಇದೆ. ನೂರು ವರ್ಷ ದಾಟಿದ ವಸ್ತು. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಪ್ರಾಚ್ಯವಸ್ತು ಅನ್ನುವ 1972ರ ಕಾಯ್ದೆಯನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ನಮ್ಮ ಕನ್ನಡ ಶಾಲೆಯ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ಧಾರವಾಡ, ಬಿಜಾಪುರ 1956ರವರೆಗೆ ಮುಂಬಯಿ ರಾಜ್ಯಕ್ಕೇ ಸೇರಿದ್ದವು ಅಂತ ಹೇಳುತ್ತಿದ್ದೆ.

ಯಾರೋ ದೊಡ್ಡವರು ಬರುತ್ತಾರೆಂದು ಅಲ್ಲಿನ ಬಾಗಿಲುಗಳಿಗೆ ಪಾಲಿಶ್ ಮಾಡಿಸಿದರು. ಡಬ್ಬಿಯಲ್ಲಿ ಮಿಕ್ಕಿದ್ದನ್ನು ಗ್ಲೋಬಿಗೂ ಬಳಿದರು! ಅರಬ್ಬೀ ಸಮುದ್ರದ ಮೇಲೆ ಬ್ರಷ್ಷಿನ ಕೂದಲೊಂದು ಅಂಟಿಕೊಂಡಿದೆ, ಹೋಗಿ ನೋಡಿ. ಕೇಳಿದ್ದಕ್ಕೆ, "ಹೊಳೀತಿದೆಯಲ್ಲ ಕಾಕಾ, ಇನ್ನೇನು ಬೇಕು?" ಅಂದರು.

ಸ್ವಾಮಿ, ಅದು ಬಾಗಿಲಲ್ಲ. ಒಳಗೆ ಕಾಗದದ ಮುದ್ದೆಯ ಚಿಪ್ಪು, ಮೇಲೆ ಪ್ಲಾಸ್ಟರ್. ಅದರ ಮೇಲೆ ಎರಡೂ ತುದಿ ಚೂಪಾದ 12 ನಕ್ಷೆ ಪಟ್ಟಿಗಳನ್ನು ಅಂಟಿಸಿ, ಕೈಯಲ್ಲಿ ಬಣ್ಣ ತುಂಬಿ, ವಾರ್ನಿಶ್ ಕೊಟ್ಟಿದ್ದಾರೆ. ಹಳೇ ವಾರ್ನಿಶ್ ಹಳದಿಯಾಗುತ್ತದೆ, ನಿಜ. ತಿಳಿದವರು ಮೊದಲು ಚುಕ್ಕೆಯಷ್ಟು ಜಾಗದಲ್ಲಿ ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ನೋಡುತ್ತಾರೆ. ಬಣ್ಣ ಎದ್ದು ಬರುವುದಿಲ್ಲ ಅಂತ ಖಾತ್ರಿಯಾದರೆ ಮಾತ್ರ ಮುಂದಿನ ಕೆಲಸ. ಹರಿದ ಕಡೆ ಗೋಧಿ ಗಂಜಿಯಿಂದ ತೆಳು ಜಪಾನಿ ಕಾಗದ ಅಂಟಿಸುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ, ತಿಳಿದವರ ಕೈಗೆ ಕೊಡಿ. ಇದೇ ಊರಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಇಂಥ ಕೆಲಸಕ್ಕೆಂದೇ ಸಂರಕ್ಷಣಾ ಕೇಂದ್ರವಿದೆ. ಲಂಡನ್ನಿಗೆ ಹೋಗಬೇಕಾಗಿಲ್ಲ.

ಕಾಗದದ ವಸ್ತುವಿಗೆ 50 ಲಕ್ಸ್, ಅಂದರೆ ಮಂದ ಬೆಳಕು ಸಾಕು ಅನ್ನುವುದು ಸಂಗ್ರಹಾಲಯದವರದೇ ಲೆಕ್ಕ. ಇಲ್ಲಿ ಗ್ಲೋಬ್ ಇರುವುದು ಪಡುವಣ ಕಿಟಕಿಯ ಬಾಯಲ್ಲಿ. ಬಿಸಿಲಿಗೆ ಅಮೆರಿಕ ಪೂರ್ತಿ ಬಿಳಿಚಿದೆ. ಮಳೆಗಾಲದ ತೇವಕ್ಕೆ ಪಟ್ಟಿಗಳ ಅಂಚು ಏಳುತ್ತಿದೆ.

ನನ್ನ ಪಾಡು ಕೇಳಿ. ಮೊಣಕಾಲು ನೋವು ಇಟ್ಟುಕೊಂಡು ಲೋಕಲ್‌ನಲ್ಲಿ ನೇತಾಡಿ ನಿಮ್ಮ ಕಚೇರಿಗೆ ಬಂದರೆ, "ಸಾಹೇಬರು ಮೀಟಿಂಗಿನಲ್ಲಿದ್ದಾರೆ." ಕಾದರೆ, "ಇದು ನಮ್ಮ ಟೇಬಲ್ ಅಲ್ಲ." ಆ ಟೇಬಲ್ ಎಲ್ಲಿದೆಯೋ ಯಾವ ಗ್ಲೋಬಿನಲ್ಲೂ ಸಿಗಲಿಲ್ಲ! ಕೊನೆಗೆ ಅರ್ಜಿಗೊಂದು ಠಸ್ಸೆ ಬಿತ್ತು, ಅಷ್ಟೇ.

ಈ ವಾರವೇ ಅದನ್ನು ಕಿಟಕಿಯಿಂದ ಸರಿಸಿ. ಇದಕ್ಕೆ ಟೆಂಡರ್ ಬೇಡ, ಇಬ್ಬರು ಆಳು ಸಾಕು. ಪಾಲಿಶ್ ಡಬ್ಬಿ ಹತ್ತಿರ ತರಬೇಡಿ. ಆಮೇಲೆ ತಿಳಿದವರ ಕೈಗೆ ಕೊಡಿ. ಲಿಖಿತ ಉತ್ತರ ಬೇಕು. ಮರಾಠಿಯಲ್ಲೇ ಕಳಿಸಿ, ನಾನು ಓದಿಕೊಳ್ಳುತ್ತೇನೆ.

ಇಂತಿ,
ಡೊಂಬಿವಲಿಯ ಒಬ್ಬ ಮತದಾರ