ಮಾದರಿಯ ಜೊತೆ ರೋಗಿಯ ಹಿಂದಿನ ಕಾಯಿಲೆಯ ವಿವರವೂ ಬರಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಾನು ಪೆಥಾಲಜಿ ವೈದ್ಯೆ. ರೋಗಿಯ ದೇಹದಿಂದ ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಯಾವುದೆಂದು ಹೇಳುವುದು ನನ್ನ ಕೆಲಸ. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳಿನ ತುಂಡು ಪ್ರಯೋಗಾಲಯಕ್ಕೆ ಬರುವಾಗ ಜೊತೆಗಿರುವ ಚೀಟಿಯಲ್ಲಿ ಎಷ್ಟೋ ಸಲ ‘ಕರುಳಿನ ಅಡಚಣೆ’ ಎಂದಷ್ಟೇ ಬರೆದಿರುತ್ತದೆ. ಆ ಮಹಿಳೆಗೆ ಹಿಂದೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತೇ ಎಂಬುದು ಅದರಲ್ಲಿ ಇರುವುದಿಲ್ಲ. ಆ ಒಂದು ಸಾಲಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ಗರ್ಭಕಂಠದ ಕ್ಯಾನ್ಸರ್ ಸಾಮಾನ್ಯವಾಗಿ ಅಕ್ಕಪಕ್ಕದ ಅಂಗಗಳಿಗೆ, ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್), ಅಲ್ಲಿಂದ ಮುಂದೆ ಶ್ವಾಸಕೋಶ, ಯಕೃತ್ತು, ಮೂಳೆಗಳಿಗೆ ಹರಡುತ್ತದೆ. ಪಕ್ಕದಲ್ಲೇ ಇರುವ ಗುದನಾಳಕ್ಕೆ ಅದು ನೇರವಾಗಿ ಬೆಳೆಯುವುದು ಎಲ್ಲ ವೈದ್ಯರಿಗೂ ಗೊತ್ತು. ದೂರದ ಸಣ್ಣ ಕರುಳಿಗೋ ದೊಡ್ಡ ಕರುಳಿಗೋ ರಕ್ತದ ಮೂಲಕ, ದುಗ್ಧನಾಳಗಳ ಮೂಲಕ ಅಥವಾ ಹೊಟ್ಟೆಯ ಒಳಪೊರೆಯ ಮೂಲಕ ಹೋಗಿ ನೆಲೆಸುವುದು ಮಾತ್ರ ಬಹಳ ಅಪರೂಪ. ಅಪರೂಪವಾದ್ದರಿಂದಲೇ ಅದು ಯಾರ ನೆನಪಿಗೂ ಬರುವುದಿಲ್ಲ.

ಅದರ ಲಕ್ಷಣಗಳೂ ದಾರಿ ತಪ್ಪಿಸುತ್ತವೆ. ಹೊಟ್ಟೆ ಹಿಂಡಿದಂತೆ ನೋವು, ಉಬ್ಬರ, ವಾಂತಿ, ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ. ಈ ಮಹಿಳೆಯರಲ್ಲಿ ಅನೇಕರು ಕಿಬ್ಬೊಟ್ಟೆಗೆ ವಿಕಿರಣ ಚಿಕಿತ್ಸೆ ಪಡೆದವರು. ವಿಕಿರಣದಿಂದ ಕರುಳಿಗಾದ ಹಾನಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರವೂ ಇವೇ ತೊಂದರೆಗಳನ್ನು ಕೊಡುತ್ತದೆ. ಹಾಗಾಗಿ ‘ಅದು ಹಳೆಯ ಚಿಕಿತ್ಸೆಯ ಪರಿಣಾಮ’ ಎಂದು ಔಷಧಿ ಬರೆದು ಕಳುಹಿಸುವುದು ಸುಲಭ. ಬಹಳ ಸಲ ಆ ಮಾತು ನಿಜವೂ ಆಗಿರುತ್ತದೆ. ವೈದ್ಯರನ್ನು ನಾನು ದೂರುತ್ತಿಲ್ಲ. ಆದರೆ ನಿಜವಲ್ಲದ ಕಡೆ ಕರುಳು ಪೂರ್ತಿ ಕಟ್ಟಿಕೊಂಡಾಗ ಅಥವಾ ತೂತಾದಾಗಲೇ ಸತ್ಯ ಹೊರಬೀಳುತ್ತದೆ.

ಇನ್ನು ಪ್ರಯೋಗಾಲಯದ ಸಂಗತಿ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಸ್ಕ್ವಾಮಸ್ ಕೋಶಗಳವು, ಅಂದರೆ ಮೇಲ್ಪದರದ ಚಪ್ಪಟೆ ಕೋಶಗಳವು. ಕರುಳಿನಲ್ಲೇ ಹುಟ್ಟುವ ಕ್ಯಾನ್ಸರ್ ಬಹುಪಾಲು ಗ್ರಂಥಿಕೋಶಗಳದ್ದು, ಅಂದರೆ ಅಡಿನೊಕಾರ್ಸಿನೋಮ. ಕರುಳಿನಲ್ಲಿ ಸ್ಕ್ವಾಮಸ್ ಕೋಶಗಳು ಕಂಡರೆ ಇದು ಬೇರೆ ಕಡೆಯಿಂದ ಬಂದಿರಬೇಕು ಎಂಬ ಅನುಮಾನ ನಮಗೆ ತಾನಾಗಿಯೇ ಬರುತ್ತದೆ. ಕಷ್ಟವಿರುವುದು ಗರ್ಭಕಂಠದ ಅಡಿನೊಕಾರ್ಸಿನೋಮ ಕರುಳಿಗೆ ಬಂದಾಗ. ನೋಡಲು ಅದು ಕರುಳಿನದೇ ಕ್ಯಾನ್ಸರ್‌ನಂತೆ ಕಾಣಬಹುದು. ಹಿಂದಿನ ಕಾಯಿಲೆ ಗೊತ್ತಿದ್ದರೆ ಪಿ16 ಮುಂತಾದ ವಿಶೇಷ ಬಣ್ಣದ ಪರೀಕ್ಷೆಗಳನ್ನೂ ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ ಎಚ್‌ಪಿವಿ ವೈರಸ್‌ನ ಪರೀಕ್ಷೆಯನ್ನೂ ಮಾಡಿಸಿ, ಹಳೆಯ ಬಯಾಪ್ಸಿಯ ಗಾಜುಪಟ್ಟಿಯನ್ನು ತರಿಸಿ ಹೋಲಿಸುತ್ತೇವೆ. ಗೊತ್ತಿಲ್ಲದಿದ್ದರೆ ‘ಕರುಳಿನ ಕ್ಯಾನ್ಸರ್’ ಎಂಬ ವರದಿ ಹೋಗಿಬಿಡುವ ಅಪಾಯವಿದೆ. ಆಗ ಔಷಧಿಗಳೇ ಬೇರೆ, ರೋಗಿಗೆ ಹೇಳುವ ಭವಿಷ್ಯವೂ ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹಾಕಿಕೊಂಡ ಗುರಿ ನಿಮಗೆ ತಿಳಿದೇ ಇದೆ: 2030ರೊಳಗೆ ಶೇ 90ರಷ್ಟು ಹುಡುಗಿಯರಿಗೆ 15 ವರ್ಷದೊಳಗೆ ಎಚ್‌ಪಿವಿ ಲಸಿಕೆ, ಶೇ 70ರಷ್ಟು ಮಹಿಳೆಯರಿಗೆ 35ರ ಹೊತ್ತಿಗೆ ಒಮ್ಮೆ, 45ರ ಹೊತ್ತಿಗೆ ಮತ್ತೊಮ್ಮೆ ತಪಾಸಣೆ, ರೋಗ ಪತ್ತೆಯಾದವರಲ್ಲಿ ಶೇ 90ರಷ್ಟು ಜನರಿಗೆ ಚಿಕಿತ್ಸೆ. ಲಸಿಕೆಯ ಬಗ್ಗೆ ಸಭೆಗಳಲ್ಲಿ ಸಾಕಷ್ಟು ಮಾತಾಗುತ್ತದೆ, ಆಗಲೇಬೇಕು. ಆದರೆ ಈಗಾಗಲೇ ಕಾಯಿಲೆ ಬಂದು, ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಮಹಿಳೆ ಯಾವ ಅಂಕಣದಲ್ಲಿ ಇದ್ದಾಳೆ? ಕಾಯಿಲೆ ಮರುಕಳಿಸಿದರೆ ಹೆಚ್ಚಾಗಿ ಮೊದಲ ಎರಡು-ಮೂರು ವರ್ಷಗಳಲ್ಲೇ ಮರುಕಳಿಸುತ್ತದೆ. ಅವಳು ಹೊಟ್ಟೆನೋವೆಂದು ಬೇರೊಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದಾಗ ಕ್ಯಾನ್ಸರ್ ವಿಭಾಗದ ಕಡತ ಅಲ್ಲಿಗೆ ತಲುಪುವುದಿಲ್ಲ.

ಆದ್ದರಿಂದ ಆಸ್ಪತ್ರೆಗಳಿಗೆ ಒಂದು ಆದೇಶ ಹೊರಡಿಸಿ. ಅಂಗಾಂಶದ ಮಾದರಿಯನ್ನು ಕಳುಹಿಸುವ ನಮೂನೆಯಲ್ಲಿ ‘ಹಿಂದೆ ಕ್ಯಾನ್ಸರ್ ಇತ್ತೇ? ಎಲ್ಲಿ? ಯಾವ ಚಿಕಿತ್ಸೆ?’ ಎಂಬ ಪ್ರಶ್ನೆಗಳನ್ನು ತುಂಬುವುದು ಕಡ್ಡಾಯವಾಗಲಿ. ಗರ್ಭಕಂಠದ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿದ ಪ್ರತಿಯೊಬ್ಬ ಮಹಿಳೆಗೂ ಅವಳ ಭಾಷೆಯಲ್ಲೇ ಒಂದು ಪುಟದ ಸಾರಾಂಶ ಕೊಡಲಿ: ರೋಗದ ಹಂತ, ವಿಕಿರಣದ ಪ್ರಮಾಣ, ಬಯಾಪ್ಸಿ ಸಂಖ್ಯೆ, ಹೊಟ್ಟೆಯ ಯಾವ ತೊಂದರೆಗೆ ತಡಮಾಡದೆ ಬರಬೇಕು ಎಂಬ ವಿವರ. ಕರುಳಿಗೆ ಹರಡಿದ ಪ್ರಕರಣಗಳು ಕ್ಯಾನ್ಸರ್ ನೋಂದಣಿಯಲ್ಲಿ ಪ್ರತ್ಯೇಕವಾಗಿ ದಾಖಲಾಗಲಿ.

ನಮೂನೆಯ ಕರಡನ್ನು ನಾನೇ ಸಿದ್ಧಪಡಿಸಿಕೊಡುತ್ತೇನೆ. ನಿಮ್ಮ ಇಲಾಖೆಯ ಅಧಿಕಾರಿಗಳೊಂದಿಗೆ ಕುಳಿತು ಚರ್ಚಿಸಲು ಸಮಯ ಕೊಡಬೇಕೆಂದು ಕೋರುತ್ತೇನೆ.

ಗೌರವಪೂರ್ವಕವಾಗಿ,
ಒಬ್ಬ ಪೆಥಾಲಜಿ ವೈದ್ಯೆ